ಹೆಂಗಸರ ಕಡೆಯ ಚಿತ್ರ

ನಮ್ಮ ಅಕ್ಕಲಕೋಟೆಗೆ ತಂಬು ಸಿನೆಮಾ ಬಂದಾಗ ಹೆಂಗಸರಿಗೆ ಕೂರಲು ಪರದೆಯ ಹಿಂದೆ ಜಾಗ ಇರುತ್ತಿತ್ತು. ಗಂಡಸರು ಮುಂದೆ, ನಾವು ಹಿಂದೆ, ನಡುವೆ ಒಂದು ದೊಡ್ಡ ಬಿಳಿ ಬಟ್ಟೆ. ಆಟ ಶುರುವಾಗುವ ಮೊದಲು ಇಬ್ಬರು ಆಳುಗಳು ಕೊಡದ ನೀರು ಎರಚಿ ಆ ಬಟ್ಟೆಯನ್ನು ತೋಯಿಸುತ್ತಿದ್ದರು. ಬಟ್ಟೆ ಒದ್ದೆಯಾದರೆ ಚಿತ್ರ ಅದನ್ನು ದಾಟಿ ನಮ್ಮ ಕಡೆಗೂ ಮೂಡುತ್ತದೆ. ಮೂಡುವುದೇನೋ ಮೂಡುತ್ತಿತ್ತು, ಆದರೆ ಕನ್ನಡಿಯೊಳಗಿನ ಹಾಗೆ. ನಮ್ಮ ಕಡೆಯ ರಾಜ ಎಡಗೈಯಲ್ಲಿ ಕತ್ತಿ ಹಿಡಿಯುತ್ತಿದ್ದ. ನಮ್ಮ ಕಡೆಯ ರಾಣಿ ಎಡಗೈಯಲ್ಲಿ ಉಣ್ಣುತ್ತಿದ್ದಳು. ಆಗಿನ ಮಾತಿಲ್ಲದ ಚಿತ್ರದಲ್ಲಿ ನಡುನಡುವೆ ಬರುವ ಬರಹವಂತೂ ಓದು ಬಲ್ಲವರಿಗೂ ದಕ್ಕುತ್ತಿರಲಿಲ್ಲ. ಅದಕ್ಕೆಂದೇ ಖಂಡಪ್ಪ ಎಂಬವನಿದ್ದ. ತಂಬಿನ ರೀಲು ಸುತ್ತುವವನೂ ಅವನೇ, ಬರಹ ಬಂದಾಗ ಎದ್ದುನಿಂತು ಒಮ್ಮೆ ಮರಾಠಿಯಲ್ಲಿ, ಒಮ್ಮೆ ಕನ್ನಡದಲ್ಲಿ ಕೂಗುವವನೂ ಅವನೇ. ರಾಣಿ ಅತ್ತರೆ, “ಅಳಬ್ಯಾಡ್ರಿ ಬಾಯಾರ, ಇನ್ನೂ ಎರಡ ರೀಲ ಐತಿ” ಎಂದು ತನ್ನದೂ ಒಂದು ಮಾತು ಸೇರಿಸುತ್ತಿದ್ದ.

ಒದ್ದೆ ಬಟ್ಟೆಯ ವಾಸನೆ, ಹುರಿದ ಶೇಂಗಾದ ವಾಸನೆ, ಆ ಕಡೆಯಿಂದ ಬರುವ ಹಾರ್ಮೋನಿಯಂ ಪೆಟ್ಟಿಗೆ ಮತ್ತು ತಬಲಾದ ಸದ್ದು, ಮೈಮೇಲೆ ಸಿಡಿಯುವ ನೀರಿನ ಹನಿ. ಇದಕ್ಕಿಂತ ಬೇರೆ ಸುಖವೊಂದು ಇರಬಹುದೆಂದು ನನಗೆ ಅನ್ನಿಸುತ್ತಿರಲಿಲ್ಲ.

ನನ್ನನ್ನು ಸಾಕಿದವಳು ಆಯಿ, ನನ್ನ ಅಪ್ಪನ ತಾಯಿ. ನನ್ನ ಅವ್ವ ಸತ್ತಾಗ ನನಗೆ ಹಾಲುಹಲ್ಲು. ಆಯಿಯ ಬಾಯಲ್ಲಿ ಎಲ್ಲದಕ್ಕೂ ಒಂದು ಕತೆ. ಮೊದಲ ಸಲ ಚಿತ್ರ ನೋಡಿ ಅವಳು ಹೇಳಿದ್ದು ಇಷ್ಟು: “ಇದು ನೆಳ್ಳಿನವರ ಊರವ್ವ. ಅಲ್ಲೆ ಎಲ್ಲಾ ತಿರುಗಾಮುರುಗಾ. ಕರದ್ರ ಹೊಳ್ಳಿ ನೋಡ್ತಾರ, ಖರೆ ಬರೂದಿಲ್ಲ.”

ಮನೆಯಲ್ಲಿ ನಾವು ನಾಲ್ವರು. ಅಪ್ಪ ಶಿವಶರಣಪ್ಪ, ಆಯಿ, ನಾನು, ಮತ್ತು ನನ್ನ ಅಣ್ಣ ಸಾಯಬಣ್ಣನ ಹೆಂಡತಿ ಗುರುಬಾಯಿ ವೈನಿ. ವೈನಿ ಅಪ್ಪನ ತಂಗಿಯ ಮಗಳೇ. ದೊಡ್ಡ ಜ್ವರದ ವರ್ಷ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡು ನಮ್ಮ ಮನೆಗೆ ಬಂದವಳು, ಇಲ್ಲಿಯೇ ಸೊಸೆಯಾದಳು. ಹೊಲ ಕುರನೂರಿನಲ್ಲಿ, ಮನೆ ಅಕ್ಕಲಕೋಟೆಯಲ್ಲಿ.

ಅಣ್ಣ ಎಡಚ. ಉಣ್ಣಲು, ಬರೆಯಲು, ಕುಡುಗೋಲು ಹಿಡಿಯಲು ಅವನಿಗೆ ಎಡಗೈಯೇ ಮುಂದೆ. ಆಯಿ ಬೈದು ಸೋತಿದ್ದಳು. ಹೊಲದ ಕೆಲಸ ಅವನಿಗೆ ಒಗ್ಗಲಿಲ್ಲ. ಸೊಲ್ಲಾಪುರಕ್ಕೆ ಹೋಗಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ. ಒಮ್ಮೆ ವೈನಿಯನ್ನು ಕರೆದೊಯ್ದು ಅಲ್ಲಿಯ ಸಣ್ಣದೊಂದು ಥೇಟರಿನಲ್ಲಿ ಚಿತ್ರ ತೋರಿಸಿದ್ದ. ವೈನಿ ತಿರುಗಿ ಬಂದು ಆ ಚಿತ್ರವನ್ನು ನಮಗೆ ಎಷ್ಟು ಸಲ ಹೇಳಿದಳೋ! ಹೇಳುವಾಗ ಅವಳ ಕೈಯೂ ಹಾರುತ್ತಿತ್ತು, ಕಣ್ಣೂ ಹಾರುತ್ತಿತ್ತು. ಮುಂದೆ ಅಣ್ಣ ಮಿಲ್ಲು ಬಿಟ್ಟ. ಚಿತ್ರ ತೆಗೆಯುವ ಯಾವುದೋ ಕಂಪನಿಯ ಹಿಂದೆ ಹೋದನೆಂದು ಅವನ ಜೊತೆಯವರು ಹೇಳಿದರು. ಆಮೇಲೆ ಸುದ್ದಿಯೇ ಇಲ್ಲ. ಅಪ್ಪ ಎರಡು ಸಲ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದರು.

ವರ್ಷಗಳು ಕಳೆದವು. ವೈನಿ ಕುಂಕುಮ ಇಡುತ್ತಿದ್ದಳು, ಬಳೆ ತೊಡುತ್ತಿದ್ದಳು. ಅತ್ತದ್ದನ್ನು ಮಾತ್ರ ನಾನು ನೋಡಲಿಲ್ಲ. ಅಪ್ಪನಿಗೆ ಆ ಕುಂಕುಮ, ಬಳೆ ನೋಡಿಯೇ ಸಂಕಟ. ನಮ್ಮಲ್ಲಿ ಉಡಿಕಿ ನಡೆಯುತ್ತದೆ. ಗಂಡನಿಲ್ಲದವಳನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ನಂದೇಶ್ವರದ ಅಣ್ಣಾರಾಯರು ಹೆಂಡತಿ ಸತ್ತವರು, ಮೆಲ್ಲಗೆ ಮಾತಾಡುವವರು, ಎತ್ತಿನ ವ್ಯಾಪಾರಕ್ಕೆಂದು ಅಪ್ಪನಿಗೆ ಪರಿಚಯ. ಹಿರಿಯರೂ ಒಪ್ಪಿದ್ದರು.

“ನಿನ್ನ ಮನಸ್ಸಿಲ್ಲದ ಏನೂ ಮಾಡೂದಿಲ್ಲವ್ವ” ಅಂದರು ಅಪ್ಪ. “ನೀ ಹೂಂ ಅಂದ್ರ ನನ್ನ ಮಗಳನ್ನ ಕೊಟ್ಟಂಗ ಕೊಡ್ತೀನಿ.”

“ಇವತ್ತ ತಂಬು ಬಂದೈತಂತ, ಮಾವ. ಚಿತ್ರ ನೋಡ್ಕೊಂಡ ಬಂದು ನಾಳಿ ಹೇಳ್ತೀನಿ.” ವೈನಿಯ ದನಿಯಲ್ಲಿ ಸಣ್ಣ ನಗೆ ಇತ್ತು. ಹೂಂ ಅನ್ನುತ್ತಾಳೆಂದು ಮೂವರಿಗೂ ಗೊತ್ತಾಯಿತು.

ಅಂದಿನದು ಕೋಟೆಯ ಚಿತ್ರ. ಎರಡೂ ಕಡೆಯ ದಂಡು ಕಾದುವ ಭಾಗ ಬಂತು. ಸಿಪಾಯಿಗಳೆಲ್ಲ ಎಡಗೈಯಲ್ಲಿ ಕತ್ತಿ ಬೀಸುತ್ತ ಗೋಡೆ ಹತ್ತುತ್ತಿದ್ದರು. ಶೇಂಗಾ ಸುಲಿಯುತ್ತಿದ್ದ ವೈನಿ ತಟ್ಟನೆ ನನ್ನ ತೋಳು ಹಿಡಿದಳು.

“ಅಗಂ, ನೋಡಲ್ಲೆ! ಒಬ್ಬನ ಕತ್ತಿ ಬಲಗೈಯಾಗ ಐತಿ.”

“ಇದ್ರ ಇರ್ಲಿ ಬಿಡ, ವೈನಿ.”

“ಹುಚ್ಚಿ! ನಮ್ಮ ಕಡೆ ಎಲ್ಲಾರೂ ಎಡಗೈ. ಅಂದ್ರ ಅವರೆಲ್ಲಾ ಬಲಗೈಯವರು. ಈ ಒಬ್ಬಾಂವ ಬಲಗೈ ಅಂದ್ರ...”

ಆ ಸಿಪಾಯಿ ಗೋಡೆಯ ತುದಿಗೆ ಬಂದು ನೆಟ್ಟಗೆ ನಿಂತ. ಭುಜ ಎತ್ತಿ ಕೆನ್ನೆಯ ಬೆವರು ಒರೆಸಿಕೊಂಡ. ರಾಶಿ ಮಾಡುವಾಗ ಅಣ್ಣ ಹಾಗೆಯೇ ಒರೆಸಿಕೊಳ್ಳುತ್ತಿದ್ದ. ಮರುಕ್ಷಣ ಬಾಣ ಬಂತು. ಅವನು ಹಿಂದಕ್ಕೆ ವಾಲಿ ಗೋಡೆಯಿಂದ ಕೆಳಗೆ ಬಿದ್ದ. ಗಂಡಸರ ಕಡೆಯಿಂದ ಸೀಟಿಯೋ ಸೀಟಿ.

ಮನೆಗೆ ಬರುವ ದಾರಿಯುದ್ದಕ್ಕೂ ವೈನಿ ನಡೆಯಲಿಲ್ಲ, ಓಡಿದಳು. ಮುಂದೆ ಕುಳಿತು ನೋಡಿದ್ದ ಅಪ್ಪ ನಮಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು.

“ಮಾವ, ನೀವೂ ನೋಡಿದ್ರಿಲ್ಲ?”

“ನೋಡೀನಿ.”

“ಅಂವ ಬಿದ್ದನಲ್ಲವ್ವ!” ಎಂದಳು, ನಮ್ಮ ಹಿಂದೆಯೇ ಚಿತ್ರ ನೋಡಿ ಬಂದ ಆಯಿ.

ವೈನಿ ನಕ್ಕುಬಿಟ್ಟಳು. “ಅದು ಸೋಂಗ, ಆಯಿ. ಬಿದ್ದವರು ಎದ್ದು ಧೂಳಾ ಝಾಡಿಸ್ಕೊಂಡು ಉಣ್ಣಾಕ ಹೋಗ್ತಾರ. ಜೀವಂತ ಇದ್ದಾರ ಅವರು! ಮಾವ, ನಂದೇಶ್ವರದವರಿಗೆ ಇಲ್ಲ ಅಂತ ಹೇಳಿಕಳಸ್ರಿ.”

ಮರುದಿನ ಬೆಳಿಗ್ಗೆ ಅಪ್ಪ ತಂಬಿನ ಕಡೆ ಹೋದರು. ಬಂದಾಗ ಬಿಸಿಲು ನೆತ್ತಿಗೇರಿತ್ತು. ರೊಟ್ಟಿಯ ಮುಂದೆ ಕೂತರು, ಮುರಿಯಲಿಲ್ಲ.

“ಅಂವ ನಮ್ಮಾಂವ ಅಲ್ಲ” ಅಂದರು.

“ಮತ್ತ ಯಾರಂತ?”

“ಯಾರೋ. ಕೊಲ್ಹಾಪುರದ ಕಡೆಯಾಂವ.”

ವೈನಿಯ ಮುಖ ಬಿಗಿಯಾಯಿತು. “ನೀವು ಅಣ್ಣಾರಾಯರಿಗೆ ಮಾತ ಕೊಟ್ಟೀರಿ. ಅದಕ್ಕ ಹಿಂಗ ಅಂತೀರಿ. ನಿಮಗ ಸುಳ್ಳ ಹೇಳಾಕ ಬರೂದಿಲ್ಲ, ಮಾವ.”

ಅಪ್ಪ ತಾಟು ಸರಿಸಿ ಎದ್ದುಹೋದರು.

ಅಂದಿನಿಂದ ವೈನಿ ಅದೇ ಚಿತ್ರ ನೋಡಲು ದಿನವೂ ತಂಬಿಗೆ ಹೊರಟಳು. ಜೊತೆಗೆ ನಾನು. ಸಂಜೆಯಾಗುತ್ತಲೇ ತಲೆ ಬಾಚಿ, ಇಳಕಲ್ಲ ಸೀರೆ ಉಟ್ಟು, ಮುಡಿಗೆ ಶಾವಂತಿಗೆ ಇಟ್ಟುಕೊಳ್ಳುತ್ತಿದ್ದಳು. ಗಂಡ ಊರಿನಿಂದ ಬರುವ ದಿನ ಹೆಣ್ಣು ಸಿಂಗರಿಸಿಕೊಂಡ ಹಾಗೆ. ಅವಳನ್ನು ನೋಡಿ ನಾನೂ ನಂಬಿದೆ. ಆಯಿ ಹೇಳಿದ ನೆಳ್ಳಿನವರ ಊರಿನಲ್ಲಿ ಅಣ್ಣ ಇದ್ದಾನೆ, ದಿನಾ ಒಮ್ಮೆ ಗೋಡೆ ಹತ್ತಿ ನಮ್ಮನ್ನು ನೋಡಿ ಹೋಗುತ್ತಾನೆ ಎಂದು ಎಚ್ಚರವಿದ್ದಾಗಲೂ ಕನಸು ಕಾಣುತ್ತಿದ್ದೆ.

ಪಕ್ಕದ ಮನೆಯ ನೀಲಾಬಾಯಿ ಬಿಡುವಳೇ? “ಏನ ಗುರುಬಾಯಿ, ರಾಜನ ಮ್ಯಾಲ ಮನಸ ಬಿದ್ದೈತೇನ?”

“ರಾಜ ನಿನಗ ಇರ್ಲಿ. ನನಗ ಸಿಪಾಯಿ ಸಾಕು.”

“ಯವ್ವಾ, ಸಿಪಾಯಿ ಅಂತ! ಪಗಾರ ಕಡಿಮಿ ಇರ್ತೈತಿ ನೋಡ!”

ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ವೈನಿ. ಅಷ್ಟು ಚೆಲುವಾಗಿ ಅವಳು ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ಅದೇ ಸಂಜೆ, ಕಾಳಗ ಮುಗಿದು ಹೆಣಗಳು ಬಿದ್ದುಕೊಂಡಿದ್ದಾಗ ನೀಲಾಬಾಯಿ ಕೂಗಿದಳು: “ಅಲ್ಲೆ ನೋಡ್ರೇ, ಸತ್ತಾಂವ ಮೂಗ ತುರಿಸ್ಕೊಳ್ಳಾಕತ್ತಾನ!” ನಿಜವೇ. ಒಬ್ಬ ಸತ್ತವನು ಮೂಗು ತುರಿಸಿಕೊಂಡ. ಇನ್ನೊಬ್ಬ ಕುದುರೆಯ ಕಾಲು ಹತ್ತಿರ ಬಂದಿತೆಂದು ಮೆಲ್ಲಗೆ ತನ್ನ ಕಾಲು ಎಳೆದುಕೊಂಡ. ಮತ್ತೊಬ್ಬನ ಹೊಟ್ಟೆ ಏರಿ ಇಳಿಯುತ್ತಿತ್ತು. ನಗೆಯಿಂದ ತಂಬು ಎದ್ದುಹೋಗುವಂತಾಯಿತು.

ವೈನಿಗೆ ಇನ್ನೂ ಹುರುಪು. “ನಾಳಿ ಬಟ್ಟಿ ಹತ್ತರ ಕುಂಡ್ರೂಣು. ನಮ್ಮವರೂ ಅಲಗಾಡ್ತಾರ ನೋಡ. ಒಂದ ಜಾಗಾದಾಗ ಸುಮ್ಮ ಇರೋ ಮನಷ್ಯಾ ಅಲ್ಲ.”

ಮರುದಿನ ನಾವು ಬಟ್ಟೆಗೆ ತೀರ ಹತ್ತಿರ ಕೂತೆವು. ನೀರು ನಮ್ಮ ಮಡಿಲಿಗೆ ತೊಟ್ಟಿಕ್ಕುತ್ತಿತ್ತು. ಸಿಪಾಯಿ ಗೋಡೆ ಹತ್ತಿದ, ನಿಂತ, ಬೆವರು ಒರೆಸಿದ, ಬಿದ್ದ. ಅವನು ಬಿದ್ದದ್ದು ಒಂದು ಕಲ್ಲಿನ ಮಗ್ಗುಲಿಗೆ. ವೈನಿ ಕತ್ತು ಚಾಚಿ ಆ ಮೂಲೆಯನ್ನೇ ನೋಡಿದಳು. ರಾಜ ಬಂದ, ಮಾತಾಡಿದ, ಹೋದ. ಮೂಗು ತುರಿಸುವವನು ತುರಿಸಿದ, ಜನ ನಕ್ಕರು. ಕಲ್ಲಿನ ಮಗ್ಗುಲಿಗಿದ್ದವನು ಹಾಗೆಯೇ ಇದ್ದ. ಗಾಳಿಗೆ ಅವನ ಮುಂಡಾಸದ ಚುಂಗು ಹಾರಿ ಮುಖದ ಮೇಲೆ ಬಿತ್ತು. ಅವನು ಅದನ್ನು ಸರಿಸಲಿಲ್ಲ. ಬಿದ್ದಾಗ ಕೆಳಗೆ ಮಡಿಚಿಕೊಂಡಿದ್ದ ಕೈ ಹಾಗೆಯೇ ಮಡಿಚಿಕೊಂಡಿತ್ತು.

ವೈನಿ ಅರ್ಧಕ್ಕೇ ಎದ್ದಳು. ನೀಲಾಬಾಯಿ ಏನೋ ಚೇಷ್ಟೆ ಮಾಡಿದಳು, ಅವಳಿಗೆ ಕೇಳಿಸಲಿಲ್ಲ.

ಮನೆಗೆ ಬಂದು ಅಪ್ಪನ ಎದುರು ನೆಲದ ಮೇಲೆ ಕೂತಳು.

“ಮಾವ, ಎಲ್ಲಾರೂ ಅಲಗಾಡ್ತಾರ. ಇವರೊಬ್ಬರೇ ಅಲಗಾಡೂದಿಲ್ಲ.”

ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಅಂದು ಬೆಳಿಗ್ಗೆ ತಂಬಿನಲ್ಲಿ ಖಂಡಪ್ಪ ಹೇಳಿದ್ದನ್ನೆಲ್ಲ ಅಪ್ಪ ಈಗ ಹೇಳಿದರು. ಅವನು ಹಿಂದೆ ಆ ಚಿತ್ರ ತೆಗೆದ ಕಂಪನಿಯಲ್ಲೇ ಕೂಲಿಗಿದ್ದನಂತೆ. ಅಲ್ಲಿ ಎಲ್ಲರೂ ಆ ಸಿಪಾಯಿಯನ್ನು ಡಾವರ್ಯಾ ಅನ್ನುತ್ತಿದ್ದರಂತೆ, ಎಡಗೈಯವನೆಂದು. ಊರು ಕೇಳಿದರೆ ಸೊಲ್ಲಾಪುರದ ಮಿಲ್ಲು ಅನ್ನುತ್ತಿದ್ದನಂತೆ. ಗೋಡೆಯ ಕೆಳಗೆ ಹುಲ್ಲಿನ ರಾಶಿ ಹಾಕಿದ್ದರು. ಇವನು ಅದರ ಮೇಲೆ ಬೀಳದೆ ಆಚೆಗೆ ಬಿದ್ದ. ಎಲ್ಲರೂ ಭಲೆ ಭಲೆ ಅಂದರು, ಕೆಲಸ ಮುಗಿದ ಮೇಲೆಯೇ ಹೋಗಿ ಎಬ್ಬಿಸಲು ನೋಡಿದರು, ಜೀವ ಹೋಗಿತ್ತು. ಮಿಲ್ಲಿಗೆ ಸುದ್ದಿ ಕಳಿಸಿದರೂ ಯಾರೂ ಬರಲಿಲ್ಲವೆಂದು ತಾವೇ ಮಣ್ಣು ಮಾಡಿದರು. ಬಿದ್ದದ್ದು ಖರೆ ಖರೆ ಕಾಣುತ್ತದೆಂದು ಧಣಿ ಅದನ್ನು ಚಿತ್ರದಲ್ಲಿ ಉಳಿಸಿಕೊಂಡ.

“ಆ ದಿನಾನ ಹೇಳಬೇಕಾಗಿತ್ತು” ಅಂದರು ಅಪ್ಪ. “ಆಮ್ಯಾಲ ದಿನಾ ಹೂವ ಮುಡಕೊಂಡ ಹೊಂಟಿದ್ದೆವ್ವ ನೀನು. ಬಾಯಿ ಬರ್ಲಿಲ್ಲ.”

ಆಯಿ ಗೋಡೆಗೆ ಹಣೆ ಹಚ್ಚಿ ಕೂತಳು. ಅಂದು ಅವಳ ಬಾಯಲ್ಲಿ ಯಾವ ಕತೆಯೂ ಬರಲಿಲ್ಲ.

ಬೆಳಗಾದ ಮೇಲೆ ವೈನಿ ತಾನೇ ತಂಬಿಗೆ ಹೋದಳು. ಅಪ್ಪನೂ ನಾನೂ ಹಿಂದೆ ಹೋದೆವು. ಹಗಲಿನಲ್ಲಿ ಆ ಪರದೆ ಹೊಲಿಗೆ ಹಾಕಿದ ಬರಿಯ ಬಟ್ಟೆ.

“ಖಂಡಪ್ಪಣ್ಣ, ಅವರು ಬೀಳೂದಷ್ಟ ನನಗ ಕತ್ತರಿಸಿ ಕೊಡ್ರಿ. ಗ್ವಾಡಿ ಮ್ಯಾಲ ನಿಂತದ್ದು ಇರ್ಲಿ.”

ಖಂಡಪ್ಪ ಹಿಂದೆಮುಂದೆ ನೋಡಿದ. “ಮಾಲಕ ಕೇಳಿದ್ರ...” ಎಂದು ಶುರು ಮಾಡಿದವನು ವೈನಿಯ ಮುಖ ನೋಡಿ ನಿಲ್ಲಿಸಿದ. “ರೀಲ ದಿನಾ ಎಲ್ಲೆರ ಹರೀತೈತಿ, ತಂಗಿ. ಇವತ್ತ ಇಲ್ಲೆ ಹರೀತು ಅಂತೀನಿ.” ಕತ್ತರಿ ಆಡಿತು. ಕೈಗೆ ಬಂದದ್ದು ಕರಿಯ ನಾಗರದಂತೆ ಸುರುಳಿ ಸುತ್ತಿಕೊಂಡ ಒಂದು ಪಟ್ಟಿ. ಮುಂದಿನ ಊರಿನಲ್ಲಿ ಆ ಸಿಪಾಯಿ ಗೋಡೆ ಹತ್ತಿ ನಿಲ್ಲುತ್ತಾನೆ, ಬೀಳುವುದಿಲ್ಲ.

ಅದನ್ನು ಕುರನೂರಿನ ನಮ್ಮ ಹೊಲದಲ್ಲಿ, ಬೋರಿ ಹಳ್ಳದ ಕಡೆಯ ಬದುವಿಗೆ ಮಣ್ಣು ಮಾಡಿದೆವು. ಸ್ವಾಮಿಗಳಾದ ಬಸಯ್ಯನವರು ಕುಣಿಯ ಮುಂದೆ ವಿಭೂತಿ, ಪತ್ರಿ ಹಿಡಿದು ಗೊಂದಲದಲ್ಲಿ ನಿಂತರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ, ಮುಖ ಯಾವ ಕಡೆಗೆಂದು ನೋಡಿ.

“ಇದಕ್ಕ ಮಾರಿ ಯಾವ ಕಡೆ ಅಂತ ತಿಳೀಲಿ, ಶಿವಶರಣಪ್ಪ?”

ವೈನಿ ಪಟ್ಟಿ ಇಸಿದುಕೊಂಡು ಬಿಸಿಲಿಗೆ ಹಿಡಿದಳು. ಉಗುರಿನಷ್ಟು ಚೌಕದ ಮನೆಗಳಲ್ಲಿ ಉಗುರಿನ ತುದಿಯಷ್ಟು ಗಂಡ. ಪಟ್ಟಿ ಹೊಳ್ಳಿಸಿದಳು, ಮತ್ತೆ ನೋಡಿದಳು. “ಹಿಂಗ್ರಿ” ಎಂದು ತಾನೇ ಕುಣಿಯಲ್ಲಿಟ್ಟಳು. ಬಸಯ್ಯನವರು ವಿಭೂತಿ ಇಟ್ಟರು. ಅಪ್ಪ ಹಿಡಿ ಮಣ್ಣು ಹಾಕಿದರು. ಆಯಿಯ ಕೈ ಹಿಡಿದು ನಾನು ಹಾಕಿಸಿದೆ.

ಬದುವಿನ ಆಚೆ ಒಬ್ಬರು ಮುಂಡಾಸ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಅಣ್ಣಾರಾಯರು. ಅಪ್ಪ ಸುದ್ದಿ ಕಳಿಸಿದ್ದರಂತೆ. ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ.

ವೈನಿ ನನ್ನನ್ನು ಕರೆದಳು. “ಅವರಿಗೆ ನೀರ ಕೊಡ. ದೂರದಿಂದ ಬಂದಾರ.”

“ಏನರ ಹೇಳ್ಲ್ಯಾ, ವೈನಿ?”

“ಇಷ್ಟ ದಿನಾ ನನಗ ಅಳಾಕೂ ಬರ್ತಿರ್ಲಿಲ್ಲ ಅಂತ ಹೇಳ. ನಾನೀಗ ಅಳ್ತೀನಿ. ಎಂದ ಮುಗೀತೈತೋ ನನಗ ಗೊತ್ತಿಲ್ಲ. ಅವರು ಬ್ಯಾರೆ ಕಡೆ ನೋಡಿದ್ರ ತಪ್ಪಿಲ್ಲ ಅಂತ ಹೇಳ.”

ನಾನು ನೀರಿನ ತಂಬಿಗೆ ಒಯ್ದು ಕೊಟ್ಟು ಅಷ್ಟೂ ಹೇಳಿದೆ. ಅವರು ನೆಲ ನೋಡುತ್ತ ಕೇಳಿಸಿಕೊಂಡರು. ನೀರು ಕುಡಿದು, ತಂಬಿಗೆಯನ್ನು ಹಳ್ಳದಲ್ಲಿ ತೊಳೆದು ನನ್ನ ಕೈಗೆ ಕೊಟ್ಟು, ಬಂಡಿಯ ಕಡೆ ನಡೆದರು. ಬಂಡಿ ಜೋಳದ ಹೊಲ ದಾಟುವ ಮೊದಲೇ ಹಿಂದಿನಿಂದ ವೈನಿಯ ಅಳು ಕೇಳಿಸಿತು. ಅದು ಅಷ್ಟು ದೊಡ್ಡ ದನಿ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.