ಕದಲದ ಅಂಕಿ

ಕೆಂದಿಯ ಕಿವಿಗಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಕಡಲೆ ಒಕ್ಕಣೆಯ ದಿನಗಳವು. ನಮ್ಮ ಹಾಲಿನ ಸಂಘದ ಹಿಂದಿನ ಶೆಡ್ಡಿನಲ್ಲಿ ಬೆಳಗಾಗುತ್ತಲೇ ದನದ ಹಿಂಡಿ ಬೆರೆಸುವ ಸಲಿಕೆಗಳ ಸದ್ದು ಏಳುತ್ತಿತ್ತು. ಚೌಡವ್ವ ತನ್ನ ಗಬ್ಬದ ಹಸು ಕೆಂದಿಯನ್ನು ಕಿಟಕಿಯ ಮುಂದಿನ ಕಂಬಕ್ಕೆ ಕಟ್ಟಿ, ಹಿಂಡಿಗಾಗಿ ಕಾದು ಕೂರುತ್ತಿದ್ದಳು. ಅವಳ ಮನೆ ನಡೆಯುತ್ತಿದ್ದುದೇ ಆ ಒಂದು ಹಸುವಿನಿಂದ. ನಾನು ಒಳಗೆ ಹಾಲಿನ ಜಿಡ್ಡು ನೋಡುತ್ತಿದ್ದೆ. ಪಕ್ಕದ ಮೇಜಿನ ಕಂಪ್ಯೂಟರ್ ನಾಗವೇಣಿಯದು.

ಶೆಡ್ಡಿನವರು ಹೊಟ್ಟಿನ ತೂಕ ಕೂಗಿದರೆ ಅವಳು ಅದನ್ನು ಹಿಂಡಿಯ ಫೈಲಿನಲ್ಲಿ ಒತ್ತುವಳು. ಎಷ್ಟು ಯೂರಿಯಾ ಬೆರೆಸಬೇಕೆಂಬುದು ತಾನಾಗಿಯೇ ಕೆಳಗಿನ ಚೌಕದಲ್ಲಿ ಮೂಡುತ್ತಿತ್ತು. ಹದವಾಗಿದ್ದರೆ ಅದು ದನಕ್ಕೆ ಬಲ, ಮೀರಿದರೆ ವಿಷ.

ಆ ವಾರ ಹಾಲಿನ ಲೆಕ್ಕದ ಫೈಲು ಭಾರವಾಗಿ ತೆವಳತೊಡಗಿತ್ತು. ರಿಪೇರಿಗೆ ಬಂದ ಶಶಿಧರ, ನಾವು ಬಟನ್ ಒತ್ತಿದಾಗ ಮಾತ್ರ ಲೆಕ್ಕ ಮಾಡುವಂತೆ ಅದನ್ನು ಬದಲಾಯಿಸಿದ.

"ಇನ್ನು ಇದು ನಿಮ್ಮ ಯಜಮಾನರ ಹಾಗೆ ಅಕ್ಕಾ. ಕೂಗಿದರೆ ಮಾತ್ರ ಏಳೋದು."

"ಅವರು ಕೂಗಿದರೂ ಏಳೋದಿಲ್ಲ ಬಿಡಪ್ಪ," ಎಂದು ನಾಗವೇಣಿ ನಕ್ಕಳು.

ಮರುದಿನ ಅವಳು ಹಾಲಿನ ಫೈಲನ್ನು ಮುಚ್ಚದೆಯೇ ಹಿಂಡಿಯ ಫೈಲು ತೆರೆದಳು. ಹೊಟ್ಟಿನ ಗಾಡಿ ಬಂದಿರಲಿಲ್ಲ. ಇದ್ದ ಹೊಟ್ಟು ಹಿಂದಿನ ದಿನದ ತೂಕದ ಕಾಲು ಪಾಲು ಮಾತ್ರ. ಅದನ್ನೇ ಒತ್ತಿ, ಕೆಳಗೆ ಕಂಡ ಅಂಕಿಯನ್ನು ಕೂಗಿ ಹೇಳಿದಳು.

"ಅಷ್ಟೊಂದಾ ಅಕ್ಕಾ?" ಎಂದರು ಶೆಡ್ಡಿನಿಂದ.

"ಮಿಷನ್ನು ಅಷ್ಟು ಅಂತದೆ."

ಸಲಿಕೆಗಳು ಮತ್ತೆ ಸದ್ದು ಮಾಡಿದವು. ಚೌಡವ್ವನದೇ ಮೊದಲ ಸರದಿ. ಕಂಬದ ಬುಡದಲ್ಲೇ ಬುಟ್ಟಿಯಿಟ್ಟಳು. ಹಸಿದ ಹಸು ತಳ ನೆಕ್ಕುವವರೆಗೆ ತಿಂದಿತು. ಬಿಸಿಲೇರುವ ಹೊತ್ತಿಗೆ ಅದರ ಮೈ ನಡುಗತೊಡಗಿತು, ಹೊಟ್ಟೆ ಉಬ್ಬಿತು, ಬಾಯಲ್ಲಿ ನೊರೆ. ಉಳಿದವರಿಗೆ ಹಿಂಡಿ ಕೊಡುವುದನ್ನು ನಿಲ್ಲಿಸಿದೆವು. ಚೌಡವ್ವ ಹುಣಸೆ ನೀರು ಕುಡಿಸಲು ಪಾಡುಪಟ್ಟಳು. ದನದ ಡಾಕ್ಟರು ಬರುವಷ್ಟರಲ್ಲಿ ನೊಣಗಳು ಕೆಂದಿಯ ಕಿವಿಯ ಮೇಲೆ ಕೂತಿದ್ದವು, ಕಿವಿ ಕದಲಲಿಲ್ಲ.

ಹಿಂಡಿಯ ಫೈಲಿನ ಲೆಕ್ಕದ ಕ್ರಮಕ್ಕೆ ತಾನು ಕೈಯನ್ನೇ ಹಚ್ಚಿಲ್ಲವೆಂದು ನಾಗವೇಣಿ ಆಣೆಯಿಟ್ಟಳು. ಅದು ನಿಜವೂ ಆಗಿತ್ತು. ಓಡಿ ಬಂದ ಶಶಿಧರ ತಗ್ಗಿದ ದನಿಯಲ್ಲಿ, ಮೊದಲು ತೆರೆದ ಫೈಲಿನ ನಿಯಮವೇ ಅದರ ಜೊತೆ ತೆರೆದ ಫೈಲುಗಳಿಗೂ ಹತ್ತಿಕೊಳ್ಳುತ್ತದೆ, ಬಟನ್ ಒತ್ತುವ ತನಕ ಹಳೆಯ ಅಂಕಿಯೇ ನಿಲ್ಲುತ್ತದೆ ಎಂದ. ಅದನ್ನು ಹೇಳಲು ಮರೆತಿದ್ದನಂತೆ. ನಾಗವೇಣಿ ಆ ಬಟನ್ ಒತ್ತಿದಳು. ನಿನ್ನೆಯಿಂದ ಅಲ್ಲೇ ಕೂತಿದ್ದ ಅಂಕಿ ನಮ್ಮ ಕಣ್ಣೆದುರೇ ಕಾಲು ಪಾಲಿಗೆ ಇಳಿಯಿತು.

ಆ ಸಂಜೆ ಅವಳು ತನ್ನ ಮನೆಯ ಕಡಸನ್ನು ಹೊಡೆದುಕೊಂಡು ಚೌಡವ್ವನ ಅಂಗಳಕ್ಕೆ ಹೋದಳು. ನಾನೂ ಜೊತೆಗಿದ್ದೆ. ಚೌಡವ್ವ ಹಗ್ಗ ಮುಟ್ಟಲಿಲ್ಲ.

"ಕಟ್ಟಿ ಹೋಗು ತಾಯಿ. ಇದರ ಬಾಯಿಗೆ ಏನು ಹಾಕಬೇಕು ಅಂತ ಮಾತ್ರ ಹೇಳಬೇಡ."

ಆಮೇಲೆ ಚೌಡವ್ವ ಹಿಂಡಿಗೆ ಬರಲಿಲ್ಲ. ಹುಲ್ಲಿಗೆಂದು ಕಡಸನ್ನು ನಮ್ಮ ಕಿಟಕಿಯ ಮುಂದೆಯೇ ಹಿಡಿದುಕೊಂಡು ಹೋಗುತ್ತಿದ್ದಳು. ಶೆಡ್ಡಿನ ವಾಸನೆಗೆ ಅದು ಕಂಬದ ಬಳಿ ನಿಲ್ಲುತ್ತಿತ್ತು, ಕಿವಿ ಆಡಿಸುತ್ತಿತ್ತು. ಚೌಡವ್ವ ಹಗ್ಗ ಜಗ್ಗುವಳು. ಅವರಿಬ್ಬರೂ ತಿರುವು ದಾಟುವವರೆಗೆ ನಾಗವೇಣಿಯ ಬೆರಳು ಆ ಬಟನ್ನಿನ ಮೇಲೆಯೇ ಇರುತ್ತಿತ್ತು.