ದಿನಕ್ಕೊಂದು ಒಳ್ಳೆಯ ಕೆಲಸ

1.
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಶಾಲೆಯ ಗೋಡೆಯ ಮೇಲೆ ‘ಸತ್ಯವನ್ನೇ ನುಡಿ’ ಎಂದು ಬರೆದಿತ್ತು ಎಂದರೆ ನೀವು ಮುಂದಿನದನ್ನೆಲ್ಲ ಊಹಿಸಿ ಪುಸ್ತಕ ಮುಚ್ಚಿಬಿಡುತ್ತೀರಿ. (ಬರೆದಿತ್ತು, ಆ ಮಾತು ಬೇರೆ.)

2.
ನೇರವಾಗಿ ಹೇಳುತ್ತೇನೆ. ನೀತಿಪಾಠದ ಟೀಚರು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಒಂದೊಂದು ನೋಟ್‌ಬುಕ್ ಕೊಟ್ಟಿದ್ದರು. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಬೇಕು, ಬರೆಯಬೇಕು, ಮನೆಯವರ ಸಹಿ ಹಾಕಿಸಬೇಕು. ತಿಂಗಳ ಕೊನೆಗೆ ನೋಡಿದರೆ, ಮೂವತ್ತೊಂದು ಮಕ್ಕಳು ಒಂದೇ ಸೋಮವಾರ ಒಬ್ಬೊಬ್ಬ ಮುದುಕರಿಗೆ ರಸ್ತೆ ದಾಟಿಸಿದ್ದರು. ಆ ರಸ್ತೆಯಲ್ಲಿ ಅಷ್ಟು ಮುದುಕರಿಲ್ಲ. ಇದ್ದವರನ್ನೇ ಅತ್ತಿಂದಿತ್ತ ದಾಟಿಸಿ ಸುಸ್ತು ಮಾಡಿರಬೇಕು.

ಒಬ್ಬ ಹುಡುಗಿ ಮಾತ್ರ ದಿನವೂ ಒಂದೇ ಸಾಲು ಬರೆದಿದ್ದಳು: ‘ಇವತ್ತು ಏನೂ ಮಾಡಲಿಲ್ಲ.’ ಸಹಿಯ ಜಾಗ ಖಾಲಿ. ಹತ್ತಕ್ಕೆ ಸೊನ್ನೆ.

3.
(ಇಲ್ಲಿ ಟೀಚರ ಮನಸ್ಸು ಕರಗಿ, ಕಣ್ಣೀರು ಸುರಿಸುತ್ತಾ ಅವಳನ್ನು ತಬ್ಬಿಕೊಂಡರು ಎಂದು ಬರೆದಿದ್ದೆ. ಹರಿದು ಹಾಕಿದೆ.)

ಟೀಚರೇ ತಕರಾರು ತೆಗೆದರು. “ನನ್ನನ್ನ ಯಾಕೆ ಅಳಿಸ್ತೀರಿ? ಐದನೇ ಕ್ಲಾಸಿಂದು ಇನ್ನೂ ನಲವತ್ತು ನೋಟ್‌ಬುಕ್ ತಿದ್ದೋದಿದೆ. ನೀತಿಪಾಠದಲ್ಲಿ ಯಾರೂ ಫೇಲ್ ಆಗಬಾರದು ಅಂತ ಹೆಡ್‌ಮೇಡಂ ಹೇಳಿದ್ದಾರೆ. ಶುಕ್ರವಾರದೊಳಗೆ ಹೊಸದಾಗಿ ಬರೆಸಿ ಕಳಿಸಿ.”

4.
‘ಕಳಿಸಿ’ ಎಂದದ್ದು ನನಗೆ. ಹೌದು, ಹುಡುಗಿ ನನ್ನ ಮಗಳು. ಮುಚ್ಚಿಟ್ಟದ್ದಕ್ಕೆ ಕ್ಷಮಿಸಿ, ನಮ್ಮ ಕಸುಬಿನಲ್ಲಿ ಇದಕ್ಕೆ ತಂತ್ರ ಎನ್ನುತ್ತಾರೆ.

ಗುರುವಾರ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಅವಳನ್ನು ಕೂರಿಸಿಕೊಂಡು, ಒಂದೇ ಏಟಿಗೆ ಮೂವತ್ತು ಒಳ್ಳೆಯ ಕೆಲಸ ಹೇಳಿ ಬರೆಸಿದೆ. ಮುದುಕರು ಬೇಡ, ಹಳಸಲು ಎಂದೆ. ಕಾಲು ಮುರಿದ ಪಾರಿವಾಳವೊಂದನ್ನು ತಂದೆ. ಅದು ಮೂರು ಪುಟದಲ್ಲಿ ಚೇತರಿಸಿಕೊಂಡು ಹಾರಿಹೋಯಿತು. ಇತ್ತೀಚೆಗೆ ನಾನು ಇಷ್ಟು ಚೆನ್ನಾಗಿ ಬರೆದದ್ದೇ ಇಲ್ಲ.

“ಅಪ್ಪಾ, ಪಾರಿವಾಳ ಎಲ್ಲಿತ್ತು?”

“ಕಥೇಲಿತ್ತು. ಸುಮ್ನೆ ಬರಿ.”

“ಹಂಗಾದ್ರೆ ಸಹಿ ಯಾರು ಹಾಕ್ತಾರೆ?”

ಹಾಕಿದೆ. ಮೂವತ್ತು ಸಲ.

5.
ಹತ್ತಕ್ಕೆ ಹತ್ತು ಬಂತು. ವಾರ್ಷಿಕೋತ್ಸವದಲ್ಲಿ ಅದನ್ನೇ ಓದಬೇಕೆಂದು ಅವಳನ್ನು ವೇದಿಕೆಗೆ ಕರೆದಿದ್ದಾರೆ.

ಕೊನೆಗಳಿವೆ, ಬೇಕಾದ್ದು ಆರಿಸಿಕೊಳ್ಳಿ. ಒಂದು: ಇದೆಲ್ಲ ಅಪ್ಪ ಬರೆಸಿದ್ದು ಎಂದು ಅವಳು ಮೈಕಿನಲ್ಲಿ ಹೇಳುತ್ತಾಳೆ, ಸಭೆ ಎದ್ದುನಿಂತು ಚಪ್ಪಾಳೆ ತಟ್ಟುತ್ತದೆ. (ಯಾವ ಸಭೆಯೂ ತಟ್ಟುವುದಿಲ್ಲ.) ಎರಡು: ಕರೆಂಟು ಹೋಗುತ್ತದೆ. (ಹೇಡಿಯ ಕೊನೆ. ನನಗಿದೇ ಇಷ್ಟ.)

ಏನು ಮಾಡುತ್ತೀಯ ಎಂದು ಮಗಳನ್ನೇ ಕೇಳಿದೆ. “ಅದನ್ನೂ ನೀನೇ ಹೇಳಿ ಬರೆಸು” ಎಂದಳು.

6.
ಎರಡನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದೇನೆ. ಅವಳು ನೋಟ್‌ಬುಕ್ ಬಿಡಿಸಿ ನನ್ನತ್ತ ನೋಡುತ್ತಿದ್ದಾಳೆ. ಮುಂದಿನ ಸಾಲು ನನ್ನಿಂದ ಬರೆಯಲಾಗದು, ಕೇಳಬೇಡಿ. ಭಯವಾಗುತ್ತಿದೆ. ನಿಜ ಹೇಳಿಬಿಟ್ಟರೆ ನನ್ನ ಮಾನ ಹೋಗುತ್ತದೆ, ಹೋಗಲಿ.

ಒಂದಿಷ್ಟೂ ತಡವರಿಸದೆ ಓದಿಬಿಟ್ಟರೆ?