ಮೊದಲ ಲೋಟ ಯಾರಿಗೆ?

ಮಲಾವಿಯ ಹಳ್ಳಿಮನೆಗಳಲ್ಲಿ ಓದು ಹತ್ತದ ಮಗುವಿಗೆ ಹೇಳುವ ಮಾತನ್ನೇ ಎಲಿನೆಟಿಯ ಅತ್ತೆಯೂ ಹೇಳಿದಳು: "ದಡ್ಡಿ. ಶಾಲೆ ಬಿಡಿಸಿ ಕಳೆ ಕೀಳೋಕೆ ಹಾಕು."

ಎಲಿನೆಟಿಯ ಮಗಳು ತಿಯಾಮಿಕೆಗೆ ಒಂಬತ್ತು ವರ್ಷ. ಎರಡನೇ ತರಗತಿಯಲ್ಲಿ ಮೂರನೇ ಸಲವೂ ಫೇಲು. ಎಲಿನೆಟಿಗೆ ಮೈಯೆಲ್ಲ ಉರಿಯಿತು. ಮಗಳ ಶಾಲೆ ಚೀಲವನ್ನು ತನ್ನತ್ತ ಎಳೆದುಕೊಂಡಳು.

ಅಷ್ಟರಲ್ಲಿ ಆರೋಗ್ಯ ಕಾರ್ಯಕರ್ತೆ ಫಾಲೆಸಿ ಸೈಕಲ್ ನಿಲ್ಲಿಸಿ ಒಳಬಂದಳು. ಎಲಿನೆಟಿ ಮುಚ್ಚಿಟ್ಟ ಗಡಿಗೆಯಿಂದ ನೀರು ತೆಗೆದು, ಅಲ್ಲಿನ ಪದ್ಧತಿಯಂತೆ ಮಂಡಿಯೂರಿ ಕೊಟ್ಟಳು. ಎರಡು ಮೈಲಿ ದೂರದ ಬೋರ್‌ವೆಲ್‌ನಿಂದ ತಲೆಯ ಮೇಲೆ ಹೊತ್ತು ತಂದ ನೀರು. ಎಲಿನೆಟಿಯ ಪುಟ್ಟ ಮಗ ಮಾಯೆಸೊ ತನಗೂ ಬೇಕೆಂದು ಅತ್ತ. ಅತ್ತೆ ಹಿತ್ತಲ ಹೊಂಡದ ನೀರಿದ್ದ ಬಕೆಟ್ಟಿನಲ್ಲಿ ಲೋಟ ಅದ್ದಿದಳು.

"ಅಜ್ಜಿ, ನನಗೆ ಬೋರಿನ ನೀರು, ಕೂಸಿಗೆ ಹೊಂಡದ್ದಾ?" ಫಾಲೆಸಿ ಕೇಳಿದಳು.

"ಮತ್ತೆ? ಬೋರಿನ ನೀರು ನೆಂಟರಿಗೆ, ಗಂಡಸರಿಗೆ. ಮಕ್ಕಳು ಅರ್ಧ ಕುಡಿದು ಅರ್ಧ ಚೆಲ್ತವೆ."

"ತಿಯಾಮಿಕೆಗೂ ಇದನ್ನೇ ಕುಡಿಸಿದ್ರಾ?"

"ಹೂಂ. ಸತ್ತೇನೂ ಹೋಗಿಲ್ವಲ್ಲ!"

ಫಾಲೆಸಿ ಹುಡುಗಿಯ ಆರೋಗ್ಯ ಪುಸ್ತಕ ತರಿಸಿ ಗಟ್ಟಿಯಾಗಿ ಓದಿದಳು. ಭೇದಿ. ಭೇದಿ. ಜಂತುಹುಳ. ಮತ್ತೆ ಭೇದಿ. ಎರಡು ವರ್ಷ ತುಂಬುವುದರೊಳಗೆ ಹದಿಮೂರು ಸಲ.

"ಮಿದುಳು ಬೆಳೆಯೋ ವಯಸ್ಸಲ್ಲಿ ತಿಂದಿದ್ದೆಲ್ಲ ಭೇದಿಯಾಗಿ ಹೋದ್ರೆ ಬುದ್ಧಿ ಎಲ್ಲಿಂದ ಬೆಳೀಬೇಕು ಅಜ್ಜಿ? ಈಗ್ಲೂ ವಾರಕ್ಕೆರಡು ದಿನ ಹೊಟ್ಟೆ ಹಿಡ್ಕೊಂಡು ಮನೇಲಿರ್ತಾಳೆ. ದಡ್ಡಿಯಂತೆ! ಕಾಲು ಕಟ್ಟಿ ಓಡು ಅಂದ ಹಾಗಾಯ್ತು."

ಎಲಿನೆಟಿ ಅತ್ತೆಯತ್ತ ತಿರುಗಿದಳು. "ನೀರು ಹೊರೋಳು ನಾನು ಅತ್ತೆ. ನಾನು ಹೊತ್ತ ನೀರು ನನ್ನ ಮಕ್ಕಳಿಗೇ ಇಲ್ವಾ? ನಾನೂ ಬಾಯಿ ಮುಚ್ಕೊಂಡಿದ್ನಲ್ಲ, ಥೂ ನನ್ನ ಜನ್ಮಕ್ಕೆ!" ಎಂದು ಬಕೆಟ್ಟು ಎತ್ತಿ ಕುಂಬಳದ ಬಳ್ಳಿಗೆ ಸುರಿದಳು.

ಅತ್ತೆಯ ದನಿ ಇಳಿಯಿತು. "ಬೋರಿನ ನೀರು ಸಾಲದಿದ್ರೆ?"

"ಹೊಂಡದ ನೀರನ್ನ ಚೆನ್ನಾಗಿ ಕುದಿಸಿ, ಆರಿಸಿ, ಮುಚ್ಚಿಡಿ. ಹುಡುಗಿಗೆ ಜಂತಿನ ಮಾತ್ರೆ ಕೊಡ್ತೀನಿ. ಶಾಲೆ ಮಾತ್ರ ಬಿಡಿಸಬೇಡಿ. ಇನ್ನೂ ಕಾಲ ಮಿಂಚಿಲ್ಲ," ಎಂದಳು ಫಾಲೆಸಿ.

ಮರುವಾರ ಬೆಳಿಗ್ಗೆ ಊರ ಮುಖ್ಯಸ್ಥ ಬಂದು ನೀರು ಕೇಳಿದ. ಅತ್ತೆ ಬೋರಿನ ನೀರು ತುಂಬಿಕೊಂಡು ಅವನನ್ನು ದಾಟಿ ಹೋಗಿ ಮಾಯೆಸೊಗೆ ಕುಡಿಸಿದಳು. ಆಮೇಲೆ ಶಾಲೆಗೆ ಹೊರಟಿದ್ದ ತಿಯಾಮಿಕೆಗೆ.

"ಸ್ವಲ್ಪ ತಡ್ಕೊಳ್ಳಿ ಯಜಮಾನ್ರೇ. ನಿಮ್ಮ ಬುದ್ಧಿ ಬೆಳೆಯೋದು ಮುಗಿದಿದೆ," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಮೊದಲ ಲೋಟ ಯಾರಿಗೆ? ಕೆಟ್ಟ ನೀರು ಕುಡಿಸಿ, ಆಮೇಲೆ ಮಗುವನ್ನೇ ದಡ್ಡ ಅನ್ನುವುದು ಅನ್ಯಾಯ. ಶುದ್ಧ ನೀರು ಮೊದಲು ಮಗುವಿಗೆ ಕೊಡಿ. ಇವತ್ತಿನಿಂದಲೇ.